ಕಾರಿನ ಎಂಜಿನ್ ಆಯಿಲ್ ಎಷ್ಟು ದಿನಕ್ಕೊಮ್ಮೆ? ಕಿಲೋಮೀಟರ್ ಜೊತೆ ಗಂಟೆಯನ್ನೂ ಎಣಿಸಿ

ಶೋರೂಮ್‌ನವರು ಹತ್ತು ಸಾವಿರ ಕಿಲೋಮೀಟರ್ ಅನ್ನುತ್ತಾರೆ. ಬೀದಿ ತುದಿಯ ಗ್ಯಾರೇಜಿನ ಮೇಸ್ತ್ರಿ 'ಐದು ಸಾವಿರ ದಾಟಿಸಬೇಡಿ ಸಾರ್' ಅನ್ನುತ್ತಾರೆ. ಕೆಲವು ಆಯಿಲ್ ಡಬ್ಬಗಳ ಮೇಲೆ ಇವೆರಡಕ್ಕಿಂತ ದೊಡ್ಡ ಅಂಕಿ ಇರುತ್ತದೆ. ಸಾಲದ್ದಕ್ಕೆ ಆಫೀಸಿನಲ್ಲಿ ಒಬ್ಬರು 'ನಾನು ಎರಡು ವರ್ಷದಿಂದ ಬಾನೆಟ್ಟೇ ತೆಗೆದಿಲ್ಲ, ಕಾರು ಚೆನ್ನಾಗೇ ಓಡ್ತಿದೆ' ಅಂತಾರೆ.

ಕೊನೆಯವರನ್ನು ಬಿಡಿ. ಮಿಕ್ಕ ಮೂರೂ ಅಂಕಿಗಳ ಹಿಂದೆ ಒಂದೊಂದು ಕಾರಣ ಇದೆ. ಆದರೆ ನಿಮ್ಮ ಕಾರು ಎಲ್ಲಿ ಓಡುತ್ತದೆ, ಹೇಗೆ ಓಡುತ್ತದೆ ಅಂತ ಆ ಮೂವರಲ್ಲಿ ಯಾರೂ ಕೇಳಿಲ್ಲ. ಅದನ್ನು ನೀವೇ ಕೇಳಿಕೊಂಡು, ನಿಮ್ಮ ಕಾರಿನ ಅಂಕಿಯನ್ನು ನೀವೇ ಗೊತ್ತು ಮಾಡಿಕೊಳ್ಳಬಹುದು. ಅದಕ್ಕೆ ಬೇಕಾಗುವುದು ಕಾರಿನ ಮ್ಯಾನ್ಯುಯಲ್, ಒಂದು ಹಳೆಯ ಬಟ್ಟೆ, ಮೊಬೈಲಿನ ಕ್ಯಾಲ್ಕುಲೇಟರ್. ಎಲೆಕ್ಟ್ರಿಕ್ ಕಾರಿನವರು ಇಲ್ಲಿಗೇ ನಿಲ್ಲಿಸಬಹುದು. ನಿಮಗೆ ಈ ತಲೆನೋವಿಲ್ಲ.

ಹೆಜ್ಜೆ 1: ಮ್ಯಾನ್ಯುಯಲ್‌ನಲ್ಲಿ ಎರಡನೇ ಪಟ್ಟಿ ಹುಡುಕಿ

ಗ್ಲೋವ್ ಬಾಕ್ಸ್‌ನಲ್ಲಿ ಇನ್ಶೂರೆನ್ಸ್ ಪೇಪರ್, ಹಳೆಯ ಪಾರ್ಕಿಂಗ್ ಚೀಟಿಗಳ ಕೆಳಗೆ ಮ್ಯಾನ್ಯುಯಲ್ ಬಿದ್ದಿರುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡಿದ್ದರೆ ಅದು ಸಿಗದೇ ಇರಬಹುದು. ಆಗ ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ. ಮಾಡೆಲ್ ಮಾತ್ರ ನೋಡಬೇಡಿ. ವರ್ಷ ಮತ್ತು ಎಂಜಿನ್ ಕೂಡ ಹೊಂದಬೇಕು. ಒಂದೇ ಹೆಸರಿನ ಕಾರಿಗೆ ಪೆಟ್ರೋಲ್, ಟರ್ಬೊ ಪೆಟ್ರೋಲ್, ಡೀಸೆಲ್ ಅಂತ ಬೇರೆ ಬೇರೆ ಲೆಕ್ಕ ಇರುತ್ತದೆ.

ಸರ್ವಿಸ್ ಪಟ್ಟಿಯಲ್ಲಿ ಯಾವಾಗಲೂ ಎರಡು ಅಂಕಿ ಜೊತೆಯಾಗಿರುತ್ತವೆ. ಒಂದು ಕಿಲೋಮೀಟರ್, ಇನ್ನೊಂದು ತಿಂಗಳು. ಮಾರುತಿ, ಹ್ಯುಂಡೈ, ಹೋಂಡಾ ಕಂಪನಿಗಳ ಇತ್ತೀಚಿನ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 10,000 ಕಿ.ಮೀ. ಅಥವಾ 12 ತಿಂಗಳು. ಸ್ಕೋಡಾ, ಫೋಕ್ಸ್‌ವ್ಯಾಗನ್‌ಗೆ 15,000 ಕಿ.ಮೀ. ಅಥವಾ 12 ತಿಂಗಳು. ಯಾವುದು ಮೊದಲು ಬರುತ್ತದೋ ಅದೇ ಗಡುವು. ನಮ್ಮಲ್ಲಿ ಬಹಳ ಜನ ಕಿಲೋಮೀಟರ್ ಮಾತ್ರ ನೆನಪಿಟ್ಟುಕೊಂಡು ತಿಂಗಳನ್ನು ಮರೆಯುತ್ತಾರೆ.

ಇಷ್ಟಕ್ಕೇ ಪುಸ್ತಕ ಮುಚ್ಚಬೇಡಿ. ಅದೇ ಪುಟದ ಕೆಳಗೋ, ಮುಂದಿನ ಪುಟದಲ್ಲೋ ಚಿಕ್ಕ ಅಕ್ಷರದಲ್ಲಿ ಇನ್ನೊಂದು ಪಟ್ಟಿ ಇರುತ್ತದೆ. ಅದರ ತಲೆಬರಹ 'ಸಿವಿಯರ್ ಕಂಡಿಷನ್ಸ್', ಅಂದರೆ ಕಷ್ಟದ ಓಟ. ಅಲ್ಲಿ ಆಯಿಲ್ ಗಡುವು ಹೆಚ್ಚಿನ ಕಾರುಗಳಲ್ಲಿ ಅರ್ಧಕ್ಕೆ ಇಳಿದಿರುತ್ತದೆ: 10,000 ಇದ್ದದ್ದು 5,000, 12 ತಿಂಗಳು ಇದ್ದದ್ದು 6 ತಿಂಗಳು. ಮೇಸ್ತ್ರಿ ಹೇಳಿದ ಐದು ಸಾವಿರವನ್ನು ಕಂಪನಿಯೇ ಬರೆದಿರುತ್ತದೆ, ಆದರೆ ಶೋರೂಮ್‌ನಲ್ಲಿ ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಕಾರು ಕೊಳ್ಳುವವರ ಮುಂದೆ 'ಮೇಂಟೆನೆನ್ಸ್ ಕಡಿಮೆ' ಅನ್ನುವ ಮಾತು ಚೆನ್ನಾಗಿ ಕೇಳಿಸುತ್ತದಲ್ಲ, ಅದಕ್ಕೆ.

ಹೆಜ್ಜೆ 2: ನಿಮ್ಮ ಓಟ ಕಷ್ಟದ್ದೋ ಸಲೀಸಿನದ್ದೋ?

ಕಷ್ಟದ ಓಟ ಅಂದರೆ ಜನ ರ‍್ಯಾಲಿ, ಕಾಡು, ಹಿಮ ಅಂತ ಅಂದುಕೊಳ್ಳುತ್ತಾರೆ. ಪಟ್ಟಿ ಓದಿ ನೋಡಿ. ಪದೇ ಪದೇ ಚಿಕ್ಕ ದೂರ ಓಡಿಸುವುದು (ಕೆಲವು ಕಂಪನಿಗಳು 8 ಕಿ.ಮೀ.ಗಿಂತ ಕಡಿಮೆ ಅಂತ ಸ್ಪಷ್ಟವಾಗಿ ಬರೆದಿವೆ), ನಿಂತಲ್ಲೇ ಎಂಜಿನ್ ಓಡಿಸುವುದು, ಬಹಳ ಹೊತ್ತು ನಿಧಾನವಾಗಿ ಹೋಗುವುದು, ಬಿಸಿಲಲ್ಲಿ ದಟ್ಟ ಟ್ರಾಫಿಕ್, ಧೂಳು, ಘಾಟಿ ಹತ್ತಿ ಇಳಿಯುವುದು, ಟ್ಯಾಕ್ಸಿ ಓಡಿಸುವುದು. ಇದರಲ್ಲಿ ಒಂದಾದರೂ ನಿಮಗೆ ಅನ್ವಯಿಸುವುದಿಲ್ಲವಾ?

ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆಯಿಂದ ದಿನಾ ಐಟಿಪಿಎಲ್‌ಗೆ ಹೋಗುವವರು ಟ್ರಾಫಿಕ್ ಸಾಲಿನಲ್ಲಿ ಬರುತ್ತಾರೆ. ಸಂಡೂರಿನ ಗಣಿ ರಸ್ತೆಯ ಆಸುಪಾಸಿನವರಿಗೆ ಕೆಂಪು ಧೂಳು ತಪ್ಪಿದ್ದಲ್ಲ. ರಾಯಚೂರು, ಕಲಬುರಗಿಯ ಬೇಸಿಗೆ ಬಗ್ಗೆ ಹೇಳಬೇಕಾಗಿಲ್ಲ. ವಾರಕ್ಕೊಮ್ಮೆ ಚಾರ್ಮಾಡಿಯೋ ಶಿರಾಡಿಯೋ ಹತ್ತಿ ಇಳಿಯುವವರಿದ್ದಾರೆ. ಕೊಡಗಿನಲ್ಲಿ ಎಸ್ಟೇಟಿನ ಮಣ್ಣುದಾರಿಯಲ್ಲಿ ಫಸ್ಟ್ ಗೇರಲ್ಲೇ ಓಡಾಡುವವರಿದ್ದಾರೆ.

ಇವರೆಲ್ಲರಿಗಿಂತ ಎಂಜಿನ್‌ಗೆ ಜಾಸ್ತಿ ಕಷ್ಟ ಕೊಡುವವರು ಮಾತ್ರ ತಮ್ಮನ್ನು ಆ ಸಾಲಿಗೆ ಸೇರಿಸಿಕೊಳ್ಳುವುದೇ ಇಲ್ಲ. ಅವರು ಮೈಸೂರಿನಲ್ಲೋ ದಾವಣಗೆರೆಯಲ್ಲೋ ಇರುವ ನಿವೃತ್ತರು. ಬೆಳಿಗ್ಗೆ ಎರಡು ಕಿಲೋಮೀಟರ್ ದೂರದ ಮಾರ್ಕೆಟ್, ಸಂಜೆ ದೇವಸ್ಥಾನ. ಕಾರು ಹೊಸದರಂತೆ ಹೊಳೆಯುತ್ತದೆ. 'ವರ್ಷಕ್ಕೆ ಮೂರು ಸಾವಿರವೂ ಓಡಲ್ಲ, ಆಯಿಲ್ ಯಾಕೆ ಬದಲಿಸಬೇಕು?' ಅಂತ ಕೇಳುತ್ತಾರೆ. ಕೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಉತ್ತರ ಸ್ವಲ್ಪ ಉದ್ದ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್‌ನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗೆ ನುಸುಳಿ ಆಯಿಲ್ ಇರುವ ಚೇಂಬರ್ ಸೇರುತ್ತದೆ. ಉರಿಯದೆ ಉಳಿದ ಪೆಟ್ರೋಲಿನ ಹನಿಗಳೂ ಅದೇ ದಾರಿ ಹಿಡಿಯುತ್ತವೆ. ಆಯಿಲ್ ಚೆನ್ನಾಗಿ ಕಾದರೆ ಎರಡೂ ಆವಿಯಾಗಿ ಹೊರಟುಹೋಗುತ್ತವೆ. ಆದರೆ ಆಯಿಲ್ ಕಾಯುವುದಕ್ಕೆ ಹೊತ್ತು ಬೇಕು. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂತು ಅಂದರೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಬಿಸಿಯಾಗಿದೆ ಅಂತ ಅರ್ಥ. ಆಯಿಲ್ ಅದಕ್ಕಿಂತ ಹಿಂದೆ ಇರುತ್ತದೆ, ಕಾಲು ಗಂಟೆಯಾದರೂ ಓಡಬೇಕು. ಎರಡು ಕಿಲೋಮೀಟರ್ ಮಾರ್ಕೆಟ್ಟಿಗೆ ಹೋದರೆ ಅದು ಸರಿಯಾಗಿ ಕಾದಿರುವುದೇ ಇಲ್ಲ. ನೀರು, ಪೆಟ್ರೋಲ್ ಎರಡೂ ಅಲ್ಲೇ ಉಳಿದು ದಿನದಿಂದ ದಿನಕ್ಕೆ ಸೇರುತ್ತಾ ಹೋಗುತ್ತವೆ. ಕೆಲವು ಕಾರುಗಳಲ್ಲಿ ಆಯಿಲ್ ತುಂಬಿಸುವ ಕ್ಯಾಪಿನ ಒಳಗೆ ಹಳದಿ ಬೆಣ್ಣೆಯಂಥ ಜಿಡ್ಡು ಕಟ್ಟಿರುತ್ತದೆ. ಅದು ಇದೇ ನೀರಿನ ಕೆಲಸ.

ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ಗೆ ನೀರನ್ನು ಎಳೆದುಕೊಳ್ಳುವ ಗುಣ ಇದೆ. ಹಾಗಾಗಿ ಚಿಕ್ಕ ಓಟದ ಕಾರಿನವರು ವಾರಕ್ಕೊಮ್ಮೆ ಅರ್ಧ ಗಂಟೆ ಬಿಡುವಾದ ರಸ್ತೆಯಲ್ಲಿ ಓಡಿಸಿ ಬರುವುದು ಒಳ್ಳೆಯದು. ಮನೆ ಮುಂದೆ ನಿಲ್ಲಿಸಿಕೊಂಡು ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಈ ಕೆಲಸ ಆಗುವುದಿಲ್ಲ. ನಿಜ ಹೇಳಬೇಕೆಂದರೆ ಅದರಿಂದ ಇನ್ನಷ್ಟು ನೀರು ಸೇರುತ್ತದೆ.

ಹೆಜ್ಜೆ 3: ಗಂಟೆ ಲೆಕ್ಕ ಹಾಕಿ

ಟ್ರಾಕ್ಟರ್ ಇರುವ ಮನೆಯಲ್ಲಿ ಕೇಳಿ ನೋಡಿ. ಆಯಿಲ್ ಎಷ್ಟು ಕಿಲೋಮೀಟರಿಗೆ ಬದಲಿಸುತ್ತೀರಿ ಅಂದರೆ ನಕ್ಕುಬಿಡುತ್ತಾರೆ. ಅವರದು ಗಂಟೆ ಲೆಕ್ಕ, ಮೀಟರಿನಲ್ಲಿ 250 ಗಂಟೆಯೋ, ಮಾಡೆಲ್‌ಗೆ ತಕ್ಕಂತೆ ಇನ್ನಷ್ಟೋ. ಜೆಸಿಬಿಗೂ ಅಷ್ಟೇ, ಅಪಾರ್ಟ್‌ಮೆಂಟಿನ ಜನರೇಟರ್‌ಗೂ ಅಷ್ಟೇ. ಜನರೇಟರ್ ಒಂದು ಅಡಿಯೂ ಓಡುವುದಿಲ್ಲ, ಆದರೂ ಅದರ ಆಯಿಲ್ ಸವೆಯುತ್ತದೆ. ಚಕ್ರ ತಿರುಗಿದ್ದು ಆಯಿಲ್‌ಗೆ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಎಂಜಿನ್ ತಿರುಗಿದ್ದು, ಕಾದದ್ದು, ಹೊಗೆ ಕುಡಿದದ್ದು.

ಕಾರಿಗೆ ಗಂಟೆ ಮೀಟರ್ ಇಲ್ಲ. ಆದರೆ ಲೆಕ್ಕ ಸುಲಭ. ಓಡಿದ ಕಿಲೋಮೀಟರನ್ನು ಸರಾಸರಿ ವೇಗದಿಂದ ಭಾಗಿಸಿದರೆ ಗಂಟೆ ಸಿಗುತ್ತದೆ.

ಬೆಂಗಳೂರು ತಗೊಳ್ಳಿ. ಟಾಮ್‌ಟಾಮ್ ಕಂಪನಿಯ 2024ರ ಟ್ರಾಫಿಕ್ ಲೆಕ್ಕದ ಪ್ರಕಾರ ಇಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಅಂದರೆ ಗಂಟೆಗೆ ಸುಮಾರು 17.5 ಕಿ.ಮೀ. ಈ ವೇಗದಲ್ಲಿ 10,000 ಕಿ.ಮೀ. ಮುಗಿಸುವಷ್ಟರಲ್ಲಿ ಎಂಜಿನ್ ಸುಮಾರು 570 ಗಂಟೆ ಓಡಿರುತ್ತದೆ. ಇನ್ನೊಬ್ಬರು ಹುಬ್ಬಳ್ಳಿ–ಬೆಂಗಳೂರು ನಡುವೆ ಓಡಾಡುತ್ತಾರೆ ಅಂದುಕೊಳ್ಳಿ. ಸುಮಾರು 400 ಕಿ.ಮೀ. ದಾರಿ, ಊಟ ಕಾಫಿ ಬಿಟ್ಟು ಏಳು ಗಂಟೆ. ಗಂಟೆಗೆ 57 ಕಿ.ಮೀ. ಅವರ 10,000 ಕಿ.ಮೀ.ಗೆ ಎಂಜಿನ್ ಓಡುವುದು 175 ಗಂಟೆ ಮಾತ್ರ. ಓಡೋಮೀಟರ್ ಎರಡೂ ಕಾರಿನಲ್ಲಿ ಒಂದೇ ಅಂಕಿ ತೋರಿಸುತ್ತದೆ. ಒಂದರ ಆಯಿಲ್ ಇನ್ನೊಂದರ ಮೂರು ಪಟ್ಟಿಗಿಂತ ಹೆಚ್ಚು ಹೊತ್ತು ದುಡಿದಿದೆ. ಇಬ್ಬರಿಗೂ ಒಂದೇ ಗಡುವು ಅಂದರೆ ಹೇಗೆ?

ನಿಮ್ಮ ಸರಾಸರಿ ವೇಗ ತಿಳಿಯುವುದು ಹೀಗೆ. ಈಗಿನ ಹೆಚ್ಚಿನ ಕಾರುಗಳಲ್ಲಿ ಸ್ಪೀಡೋಮೀಟರ್ ಪಕ್ಕದ ಚಿಕ್ಕ ಪರದೆಯಲ್ಲಿ ಆವರೇಜ್ ಸ್ಪೀಡ್ ಬರುತ್ತದೆ. ಟ್ರಿಪ್ 'ಬಿ' (ಎರಡನೇ ಟ್ರಿಪ್ ಮೀಟರ್) ಸೊನ್ನೆ ಮಾಡಿ, ಒಂದು ತಿಂಗಳು ಮುಟ್ಟದೆ ಬಿಡಿ. ಒಂದು ಭಾನುವಾರದ ನಂದಿ ಬೆಟ್ಟದ ಓಟ ನೋಡಿ ತೀರ್ಮಾನಕ್ಕೆ ಬರಬೇಡಿ. ಆ ಪರದೆ ಇಲ್ಲದ ಕಾರಾದರೆ ಒಂದು ಮಾಮೂಲಿ ವಾರ ಹೊರಡುವಾಗ, ತಲುಪಿದಾಗ ಸಮಯ ಬರೆದಿಟ್ಟುಕೊಳ್ಳಿ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಎಂಜಿನ್ ಇದ್ದರೆ ನಿಜವಾದ ಗಂಟೆ ಸ್ವಲ್ಪ ಕಡಿಮೆ ಇರುತ್ತದೆ, ಅದನ್ನು ಗಮನದಲ್ಲಿಟ್ಟುಕೊಂಡರೆ ಸಾಕು.

ಈಗ ನನ್ನ ಸೂತ್ರ. ಇದು ಕಂಪನಿಯದಲ್ಲ, ಮ್ಯಾನ್ಯುಯಲ್ಲಿನ ಎರಡು ಪಟ್ಟಿಗಳ ನಡುವೆ ಎಲ್ಲಿ ನಿಲ್ಲಬೇಕು ಅಂತ ಗೊತ್ತು ಮಾಡಲು ನಾನು ಹಾಕಿಕೊಂಡ ಲೆಕ್ಕ. ಸರಾಸರಿ ವೇಗ 40ಕ್ಕಿಂತ ಮೇಲಿದ್ದರೆ 10,000ದ ಗಡುವನ್ನು ಪೂರ್ತಿ ಬಳಸಿ. 25ರಿಂದ 40 ಇದ್ದರೆ 7,500ಕ್ಕೆ ಬದಲಿಸಿ. 25ಕ್ಕಿಂತ ಕೆಳಗಿದ್ದರೆ 5,000 ದಾಟಿಸಬೇಡಿ. ಪುಸ್ತಕದಲ್ಲಿ 15,000 ಇರುವ ಕಾರು ಊರೊಳಗೇ ಓಡುತ್ತಿದ್ದರೆ 7,500. ಹೀಗೆ ಮಾಡಿದರೆ ಹೆಚ್ಚಿನವರ ಆಯಿಲ್ 400 ಗಂಟೆಯ ಒಳಗೇ ಬದಲಾಗುತ್ತದೆ. ಪುಸ್ತಕದ ಗಡುವಿಗಿಂತ ಮುಂದಕ್ಕೆ ಮಾತ್ರ ಯಾವ ಸೂತ್ರವೂ ನಿಮ್ಮನ್ನು ತಳ್ಳಬಾರದು. ಹೈವೇ ಓಟ ಅಂತ 10,000ವನ್ನು 14,000 ಮಾಡಿಕೊಂಡರೆ ವಾರಂಟಿಗೆ ತೊಂದರೆ.

ಹೆಜ್ಜೆ 4: ಒಳಗಿರುವ ಆಯಿಲ್ ಯಾವುದು?

ಗಡುವು ನಿಲ್ಲುವುದು ಸರಿಯಾದ ಆಯಿಲ್ ಮೇಲೆ. ಮೇಸ್ತ್ರಿಯ ಐದು ಸಾವಿರಕ್ಕೆ ಒಂದು ಇತಿಹಾಸ ಇದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮೊದಮೊದಲ ಮಾರುತಿ 800, ಇವೆಲ್ಲ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಸಾಧನ) ಕಾರುಗಳು. ಬೆಳಿಗ್ಗೆ ಚೋಕ್ ಎಳೆದರೆ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಒಳಗೆ ಹೋಗುತ್ತಿತ್ತು, ಉಳಿದದ್ದು ಆಯಿಲ್‌ಗೆ ಇಳಿಯುತ್ತಿತ್ತು. ಹಾಕುತ್ತಿದ್ದದ್ದು ಮಿನರಲ್ ಆಯಿಲ್, ಅಂದರೆ ಕಚ್ಚಾ ತೈಲದಿಂದ ಸೋಸಿ ತೆಗೆದದ್ದು. ಆ ಕಾರಿಗೆ, ಆ ಆಯಿಲ್‌ಗೆ ಬೇಗ ಬದಲಿಸುವುದು ಸರಿಯಾಗಿಯೇ ಇತ್ತು. ಅಮೆರಿಕದಲ್ಲೂ ಇದೇ ಕಥೆ. ಅಲ್ಲಿ 3,000 ಮೈಲಿ, ಅಂದರೆ ಸುಮಾರು 4,800 ಕಿ.ಮೀ., ಅನ್ನುವ ಮಾತು ಎಷ್ಟು ಬೇರು ಬಿಟ್ಟಿದೆ ಅಂದರೆ, ಅಲ್ಲಿರುವ ನಮ್ಮವರ ಕಾರಿನ ಗಾಜಿನ ಮೇಲೆ ಇವತ್ತಿಗೂ ಆಯಿಲ್ ಅಂಗಡಿಯವರು ಆ ಸ್ಟಿಕ್ಕರ್ ಅಂಟಿಸುವುದುಂಟು. ಸಿಂಥೆಟಿಕ್ ಆಯಿಲ್ (ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸಿದ್ದು) ಹಾಕುವ ಹೊಸ ಕಾರಿಗೆ ಕಂಪನಿಯ ಗಡುವು ಅದರ ಎರಡು ಮೂರು ಪಟ್ಟು ಇರುತ್ತದೆ.

ಡಬ್ಬದ ಮೇಲೆ ನೋಡಬೇಕಾದ್ದು ಎರಡು. ಮೊದಲನೆಯದು ದಪ್ಪ: 0ಡಬ್ಲ್ಯೂ-16, 0ಡಬ್ಲ್ಯೂ-20, 5ಡಬ್ಲ್ಯೂ-30 ಹೀಗೆ. ಡಬ್ಲ್ಯೂಗೆ ಮೊದಲು ಬರುವ ಅಂಕಿ ಚಿಕ್ಕದಾದಷ್ಟೂ ಬೆಳಗಿನ ತಣ್ಣಗಿನ ಎಂಜಿನ್‌ನಲ್ಲಿ ಆಯಿಲ್ ಬೇಗ ಮೇಲೇರುತ್ತದೆ. ಡಬ್ಲ್ಯೂ ಆದಮೇಲೆ ಬರುವ ಅಂಕಿ ಕಾದಾಗ ಅದು ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದಕ್ಕೆ. ಮಾರುತಿಯ ಕೆಲವು ಹೊಸ ಎಂಜಿನ್‌ಗಳಿಗೆ 0ಡಬ್ಲ್ಯೂ-16 ಹೇಳಿದ್ದಾರೆ, ಅದು ನೀರಿನಷ್ಟು ತೆಳ್ಳಗೆ ಕಾಣುತ್ತದೆ. 'ನಮ್ಮ ಬಿಸಿಲಿಗೆ ಇದು ಸಾಲಲ್ಲ, ದಪ್ಪದ್ದು ಹಾಕ್ತೀನಿ' ಅನ್ನುವವರು ಸಿಗುತ್ತಾರೆ. ಈಗಿನ ಎಂಜಿನ್‌ಗಳಲ್ಲಿ ವಾಲ್ವ್ ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುವುದೂ ಆಯಿಲ್ ಒತ್ತಡವೇ, ದಪ್ಪ ಬದಲಾದರೆ ಆ ಲೆಕ್ಕ ತಪ್ಪಬಹುದು. ಮ್ಯಾನ್ಯುಯಲ್‌ನಲ್ಲಿ ಇನ್ನೊಂದು ದಪ್ಪಕ್ಕೂ ಒಪ್ಪಿಗೆ ಇದ್ದರೆ ಹಾಕಿಸಿ. ಇಲ್ಲದಿದ್ದರೆ ಬೇಡ.

ಎರಡನೆಯದು ದರ್ಜೆ. ಪೆಟ್ರೋಲ್ ಕಾರಿಗೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎನ್, ಎಸ್‌ಪಿ ಅಂತ ಇರುತ್ತದೆ. ಎಸ್‌ಎನ್ ಬಂದದ್ದು 2010ರಲ್ಲಿ, ಎಸ್‌ಪಿ 2020ರಲ್ಲಿ. ಹೊಸ ದರ್ಜೆಯನ್ನು ಹಳೆಯ ಕಾರಿಗೆ ಹಾಕಬಹುದು, ಹಳೆಯದನ್ನು ಹೊಸದಕ್ಕೆ ಬೇಡ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ಹೊಸ ನಿಯಮ) ಡೀಸೆಲ್ ಕಾರುಗಳವರು ಇಲ್ಲಿ ಇನ್ನೂ ಹುಷಾರಾಗಿರಬೇಕು. ಅವುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದಕ್ಕೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು, ಮ್ಯಾನ್ಯುಯಲ್‌ನಲ್ಲಿ ಎಸಿಇಎ (ಯುರೋಪಿನ ಕಾರು ತಯಾರಕರ ಸಂಘ) ಸಿ2, ಸಿ3 ಅಂತ ಬರೆದಿರುತ್ತದೆ. ಹಳೆಯ ಡೀಸೆಲ್ ಆಯಿಲ್ ಸುರಿದರೆ ಆ ದುಬಾರಿ ಫಿಲ್ಟರ್ ಬೂದಿಯಿಂದ ಕಟ್ಟಿಕೊಳ್ಳುತ್ತದೆ.

ದುಬಾರಿ ಸಿಂಥೆಟಿಕ್ ಹಾಕಿಸಿದ್ದೇನೆ, ಇನ್ನು ಎರಡು ವರ್ಷ ಚಿಂತೆ ಇಲ್ಲ ಅನ್ನುವ ಲೆಕ್ಕವೂ ಬೇಡ. ಸಿಂಥೆಟಿಕ್ ಶಾಖ ತಡೆಯುತ್ತದೆ, ನಿಜ. ಆದರೆ ತನ್ನೊಳಗೆ ಪೆಟ್ರೋಲ್, ನೀರು, ಧೂಳು ಸೇರುವುದನ್ನು ಅದು ತಡೆಯುವುದಿಲ್ಲ.

ಹೆಜ್ಜೆ 5: ಗೇಜ್ ಎಳೆದು ನೋಡಿ

ಗೇಜ್ ಅಂದರೆ ಎಂಜಿನ್‌ನಲ್ಲಿ ಆಯಿಲ್ ಮಟ್ಟ ಅಳೆಯುವ ಕಡ್ಡಿ. ತಿಂಗಳಿಗೊಮ್ಮೆ ನೋಡಿದರೆ ಸಾಕು. ಕಾರು ಸಮತಟ್ಟಾದ ಜಾಗದಲ್ಲಿರಲಿ. ಬೇಸ್‌ಮೆಂಟ್ ಪಾರ್ಕಿಂಗಿನ ಇಳಿಜಾರಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಐದು ಹತ್ತು ನಿಮಿಷ ಕಾಯಿರಿ. ಮೇಲೆ ಹೋದ ಆಯಿಲ್ ಕೆಳಗಿಳಿಯಬೇಕು. ಹಳದಿ ಅಥವಾ ಕಿತ್ತಳೆ ಬಣ್ಣದ ಹಿಡಿ ಹಿಡಿದು ಗೇಜ್ ಎಳೆಯಿರಿ. ಮೊದಲ ಸಲ ಬಂದದ್ದನ್ನು ನೋಡಬೇಡಿ, ಅದು ಪೈಪಿನ ಗೋಡೆಯನ್ನೆಲ್ಲ ಬಳಿದುಕೊಂಡು ಬಂದಿರುತ್ತದೆ. ಬಟ್ಟೆಯಿಂದ ಒರೆಸಿ. ಮತ್ತೆ ಪೂರ್ತಿ ಒಳಗೆ ತಳ್ಳಿ, ಒಂದು ಕ್ಷಣ ಬಿಟ್ಟು, ನೇರವಾಗಿ ಎಳೆದು ಅಡ್ಡ ಹಿಡಿದು ನೋಡಿ. ಎರಡು ಬದಿಯಲ್ಲಿ ಗೆರೆ ಬೇರೆ ಬೇರೆ ಇದ್ದರೆ ಕೆಳಗಿನದೇ ಸರಿ.

ಎರಡು ಗುರುತಿನ ನಡುವೆ ಇದ್ದರೆ ಆಯಿತು. ಕೆಳಗಿನ ಗುರುತಿನ ಹತ್ತಿರ ಬಂದಿದ್ದರೆ ಅದೇ ದರ್ಜೆಯ ಆಯಿಲ್ ತಂದು ಸ್ವಲ್ಪ ಸ್ವಲ್ಪ ಹಾಕಿ, ಪ್ರತಿ ಸಲ ಅಳೆಯಿರಿ. ಬಹಳಷ್ಟು ಕಾರುಗಳಲ್ಲಿ ಕೆಳಗುರುತಿನಿಂದ ಮೇಲ್ಗುರುತಿಗೆ ಹೆಚ್ಚುಕಡಿಮೆ ಒಂದು ಲೀಟರ್ ಹಿಡಿಯುತ್ತದೆ. ಮೇಲ್ಗುರುತು ದಾಟಿಸಬೇಡಿ. ಜಾಸ್ತಿಯಾದರೆ ಒಳಗೆ ನೊರೆ ಬಂದು ಆಯಿಲ್ ಒತ್ತಡ ಕುಸಿಯುತ್ತದೆ, ಸೀಲುಗಳಿಂದ ಒಸರಲು ಶುರುವಾಗುತ್ತದೆ.

ಏನೂ ಹಾಕದೆಯೇ ಮಟ್ಟ ಏರಿದ್ದರೆ? ಸುಮ್ನೆ ಬಿಡಬೇಡಿ. ಬಿಎಸ್6 ಡೀಸೆಲ್ ಕಾರು ಮಸಿ ಫಿಲ್ಟರನ್ನು ಸುಟ್ಟು ಚೊಕ್ಕ ಮಾಡಲು ಆಗಾಗ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಊರೊಳಗಿನ ಓಟದಲ್ಲಿ ಆ ಕೆಲಸ ಅರ್ಧಕ್ಕೆ ನಿಂತು, ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಮಟ್ಟ ಮೇಲ್ಗುರುತು ದಾಟಿದ ದಿನ ಕಿಲೋಮೀಟರ್ ಎಷ್ಟಾದರೂ ಇರಲಿ, ಆಯಿಲ್ ಬದಲಿಸಿ. ಅದು ಡೀಸೆಲ್ ಬೆರೆತು ತೆಳ್ಳಗಾದ ಆಯಿಲ್.

ಬಣ್ಣದ ಬಗ್ಗೆ ಎರಡು ಮಾತು. ಕಪ್ಪಾಯಿತು ಅಂತ ಬದಲಿಸುವವರೇ ಹೆಚ್ಚು. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಕೆಲವೇ ನೂರು ಕಿಲೋಮೀಟರಿಗೆ ಕಪ್ಪಾಗುತ್ತದೆ. ಮಸಿಯನ್ನು ತಳಕ್ಕೆ ಕೂರಲು ಬಿಡದೆ ತನ್ನಲ್ಲೇ ಹಿಡಿದಿಟ್ಟುಕೊಂಡಿದೆ ಅಂತ ಅರ್ಥ. ಸಿಎನ್‌ಜಿ ಕಾರಿನಲ್ಲಿ ಉಲ್ಟಾ. ಮಸಿ ಕಡಿಮೆ, ಹಾಗಾಗಿ ಗಡುವು ಮುಗಿದರೂ ಆಯಿಲ್ ಜೇನುಬಣ್ಣದಲ್ಲೇ ಇರಬಹುದು. ಬಣ್ಣ ನೋಡಿ ಮುಂದೂಡಿದರೆ ಶಾಖಕ್ಕೆ ಸವೆದ ಆಯಿಲ್‌ನಲ್ಲೇ ಓಡಿಸುತ್ತಿರುತ್ತೀರಿ. ಬಣ್ಣದಿಂದ ನಿಜವಾಗಿ ತಿಳಿಯುವುದು ಒಂದೇ: ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಕೂಲೆಂಟ್ ಸೇರಿದೆ. ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ಗೇಜನ್ನು ಮೂಗಿನ ಹತ್ತಿರ ಹಿಡಿದಾಗ ಪೆಟ್ರೋಲ್ ವಾಸನೆ ಜೋರಾಗಿ ಹೊಡೆದರೂ ಗಡುವಿನವರೆಗೆ ಕಾಯಬೇಡಿ.

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪವನ್ನು ಸರ್ವಿಸ್ ನೆನಪೋಲೆ ಅಂದುಕೊಂಡವರಿದ್ದಾರೆ. ಅದು ಆಯಿಲ್ ಒತ್ತಡ ಕುಸಿದಿದೆ ಅನ್ನುವ ಎಚ್ಚರಿಕೆ. ಮುಂದಿನ ಬಂಕಿನವರೆಗೆ ಹೋಗೋಣ ಅನ್ನಬೇಡಿ. ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. 'ಸರ್ವಿಸ್ ಡ್ಯೂ' ಅಂತ ಬರುವುದು ಬೇರೆ. ನಮ್ಮಲ್ಲಿನ ಬಹಳಷ್ಟು ಕಾರುಗಳಲ್ಲಿ ಅದು ಬರೀ ಕಿಲೋಮೀಟರ್ ಮತ್ತು ದಿನ ಎಣಿಸುತ್ತದೆ. ಒಳಗಿನ ಆಯಿಲ್ ಹೇಗಿದೆ ಅಂತ ಅದಕ್ಕೂ ಗೊತ್ತಿಲ್ಲ.

ಹೆಜ್ಜೆ 6: ನಿಮ್ಮ ಅಂಕಿ ಬರೆದಿಡಿ

ಬೆಂಗಳೂರಿನ ಆಫೀಸ್ ಓಟ, ಸಾದಾ ಪೆಟ್ರೋಲ್, ಸರಾಸರಿ ವೇಗ 18. ತಿಂಗಳಿಗೆ 700 ಕಿ.ಮೀ. ಅಂದರೆ 5,000 ಮುಗಿಯಲು ಏಳು ತಿಂಗಳು. ಕಷ್ಟದ ಪಟ್ಟಿಯ ಆರು ತಿಂಗಳಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ವರ್ಷಕ್ಕೆರಡು ಸಲ ಅಂತ ಇಟ್ಟುಕೊಳ್ಳಿ, ಯುಗಾದಿಗೊಮ್ಮೆ, ದಸರೆಗೊಮ್ಮೆ. ಆಯುಧಪೂಜೆಗೆ ಹೇಗೂ ಕಾರು ತೊಳೆಯುತ್ತೀರಿ.

ಟರ್ಬೊ ಪೆಟ್ರೋಲ್ ಆದರೆ ನಾನು ಇನ್ನೂ ಬಿಗಿಯಾಗಿರುತ್ತೇನೆ. ಟರ್ಬೊ ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಫ್ಯಾನ್. ಅದರ ತೆಳುವಾದ ದಂಡ ಆಯಿಲ್ ಪದರದ ಮೇಲೇ ತಿರುಗುತ್ತದೆ, ಅಲ್ಲಿ ಬಿಸಿಯೂ ವಿಪರೀತ. ಆಯಿಲ್ ಸವೆದರೆ ಮೊದಲು ಏಟು ಬೀಳುವುದು ಅದಕ್ಕೆ. ಸಣ್ಣ ಪೆಟ್ರೋಲ್ ಕಾರಿಗೆ ಮೂರು ಮೂರೂವರೆ ಲೀಟರ್ ಆಯಿಲ್, ಫಿಲ್ಟರ್ ಸೇರಿ ಸಾಮಾನ್ಯವಾಗಿ ಎರಡು ಮೂರು ಸಾವಿರ ರೂಪಾಯಿ. ಟರ್ಬೊ ಬದಲಿಸುವ ಖರ್ಚು ಒಮ್ಮೆ ವಿಚಾರಿಸಿ ನೋಡಿ, ಐದು ಸಾವಿರ ಕಿಲೋಮೀಟರ್ ದುಬಾರಿ ಅನ್ನಿಸುವುದಿಲ್ಲ.

ಹೈವೇ ಓಟದವರು ಪುಸ್ತಕದ ಅಂಕಿ ಪಾಲಿಸಿದರೆ ಸಾಕು. ಸುಮ್ಮನೆ ಐದು ಸಾವಿರಕ್ಕೇ ಬದಲಿಸಿ ದುಡ್ಡು ಕಳೆಯುವುದು ಯಾಕೆ? ಒಂದು ಲಕ್ಷ ಕಿ.ಮೀ. ದಾಟಿದ ಹಳೆಯ ಕಾರಾದರೆ ಗಡುವನ್ನು ಹತ್ತಿರ ತರುವುದಕ್ಕಿಂತ ಗೇಜ್ ನೋಡುವುದನ್ನು ಹೆಚ್ಚಿಸಿ. ಅಂಥ ಎಂಜಿನ್‌ಗಳು ಆಯಿಲ್ ಕುಡಿಯುವುದುಂಟು. ಹೊಸ ಕಾರಿನವರಿಗೆ 1,000 ಕಿ.ಮೀ.ಗೇ ಆಯಿಲ್ ಬದಲಿಸಿ ಅಂತ ಹಿರಿಯರು ಹೇಳಬಹುದು. ಕಂಪನಿ ಬರೆದಿದ್ದರೆ ಮಾತ್ರ ಮಾಡಿ. ಈಗಿನ ಹೆಚ್ಚಿನ ಕಾರುಗಳ ಮೊದಲ ಫ್ರೀ ಸರ್ವಿಸ್‌ನಲ್ಲಿ ಪರೀಕ್ಷೆ ಮಾತ್ರ ಇರುತ್ತದೆ.

ಇನ್ನು ಮಗ ದುಬೈಯಲ್ಲೋ ಡಲ್ಲಾಸ್‌ನಲ್ಲೋ ಇದ್ದು, ಕಾರು ಶಿವಮೊಗ್ಗದ ಮನೆಯಲ್ಲಿ ಕವರ್ ಹೊದ್ದು ನಿಂತಿರುವ ಪ್ರಸಂಗ. ಓಡದೇ ಇದ್ದರೂ ವರ್ಷಕ್ಕೊಮ್ಮೆ ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವ ಮೊದಲು ಬದಲಿಸಿ ಹೋದರೆ ಇನ್ನೂ ಒಳ್ಳೆಯದು. ಸವೆದ ಆಯಿಲ್‌ನಲ್ಲಿ ನೀರಿನ ಜೊತೆ ಆಮ್ಲವೂ ಇರುತ್ತದೆ, ಅದು ಬೇರಿಂಗಿನ ಮೇಲೆ ಕೂತಿರುವುದು ಬೇಡ.

ಹೆಜ್ಜೆ 7: ಬದಲಿಸುವಾಗ ಪಕ್ಕದಲ್ಲೇ ನಿಲ್ಲಿ

ಗ್ಯಾರೇಜ್ ಯಾವುದಾದರೂ ಸರಿ, ಡಬ್ಬ ನಿಮ್ಮ ಮುಂದೆ ಸೀಲ್ ಒಡೆಯಲಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೋ ನೀವೇ ತಂದುಕೊಟ್ಟರೂ ಆಗುತ್ತದೆ, ಬಿಲ್ ಕೇಳಿ ತಗೊಳ್ಳಿ. ಮಾಮೂಲಿಗಿಂತ ತೀರಾ ಅಗ್ಗಕ್ಕೆ ಕೊಟ್ಟರೆ ಅನುಮಾನ ಪಡಿ. ಖಾಲಿ ಡಬ್ಬವನ್ನು ಕತ್ತರಿಸಿ ಎಸೆಯಲು ಹೇಳಿ. ಹಳೆ ಡಬ್ಬಕ್ಕೆ ನಕಲಿ ಆಯಿಲ್ ತುಂಬಿ ಮಾರುವ ದಂಧೆಗೆ ಬೇಕಾಗಿರುವುದೇ ಆ ಡಬ್ಬ.

ಫಿಲ್ಟರ್ ಪ್ರತಿ ಸಲ ಹೊಸದಾಗಲಿ. ಹಳೆಯ ಫಿಲ್ಟರ್‌ನಲ್ಲಿ ಹಳೆಯ ಆಯಿಲ್ ಉಳಿದಿರುತ್ತದೆ, ಅದರ ಮೇಲೆ ಹೊಸದನ್ನು ಸುರಿದು ಏನು ಬಂತು? ಡ್ರೇನ್ ನಟ್ಟಿನ ವಾಷರ್ ಕೂಡ ಬದಲಿಸಲಿ, ಆಮೇಲೆ ಒಸರುವುದು ಹೆಚ್ಚಾಗಿ ಅಲ್ಲಿಂದಲೇ. 'ಎಂಜಿನ್ ಫ್ಲಶ್ ಹಾಕ್ಲಾ ಸಾರ್' ಅಂತ, ಅಂದರೆ ಎಂಜಿನ್ ಒಳಗೆ ತೊಳೆಯುವ ದ್ರವ ಹಾಕಲಾ ಅಂತ ಕೇಳುತ್ತಾರೆ. ಗಡುವಿಗೆ ಸರಿಯಾಗಿ ಬದಲಿಸುತ್ತಾ ಬಂದಿದ್ದರೆ ಅದು ದಂಡ. ಬೇಡ ಅನ್ನಿ. ಎಷ್ಟು ಲೀಟರ್ ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿಕೊಂಡು ಹೋಗಿ. ಬಿಲ್ಲಿನಲ್ಲಿ ಲೀಟರ್, ದಪ್ಪ, ದರ್ಜೆ, ಕಿಲೋಮೀಟರ್, ತಾರೀಖು ಐದೂ ಬರಲಿ. ವಾರಂಟಿ ಇರುವ ಕಾರಾದರೆ ನಾಳೆ ಎಂಜಿನ್ ಮಾತು ಬಂದಾಗ ಕೇಳುವುದು ಈ ಬಿಲ್ಲನ್ನೇ.

ಮುಗಿದ ಮೇಲೆ ಎಂಜಿನ್ ಎರಡು ನಿಮಿಷ ಓಡಿಸಿ, ಆಫ್ ಮಾಡಿ, ಐದು ನಿಮಿಷ ಬಿಟ್ಟು ಗೇಜ್ ನೋಡಿ. ಸರ್ವಿಸ್ ಸೆಂಟರ್‌ಗಳಲ್ಲಿ ಅವಸರಕ್ಕೆ ಜಾಸ್ತಿ ತುಂಬುವುದು ಮಾಮೂಲು, ಅಲ್ಲೇ ತೆಗೆಸಿ. ಮಾರನೇ ಬೆಳಿಗ್ಗೆ ಕಾರಿನ ಕೆಳಗೆ ಹನಿ ಬಿದ್ದಿದೆಯಾ ಒಮ್ಮೆ ಬಗ್ಗಿ ನೋಡಿ.

ಮನೆಯಲ್ಲೇ ಬದಲಿಸುವ ಹುಮ್ಮಸ್ಸು ಇದ್ದವರು ಬರೀ ಜ್ಯಾಕ್ ಮೇಲೆ ನಂಬಿಕೆ ಇಟ್ಟು ಕಾರಿನ ಕೆಳಗೆ ತೂರಬೇಡಿ, ಗಟ್ಟಿ ಸ್ಟ್ಯಾಂಡ್ ಇರಲೇಬೇಕು. ತೆಗೆದ ಆಯಿಲ್ ಚರಂಡಿಗೆ ಹೋಗಬಾರದು. ಹಳ್ಳಿ ಕಡೆ ಅದನ್ನು ಗೆದ್ದಲು ಹತ್ತದಿರಲಿ ಅಂತ ಬೇಲಿ ಕಂಬಕ್ಕೆ ಬಳಿಯುತ್ತಾರೆ, ಕಟ್ಟಡ ಕೆಲಸದವರು ಸೆಂಟ್ರಿಂಗ್ ಹಲಗೆಗೆ ಹಚ್ಚುತ್ತಾರೆ. ಮಳೆ ಬಂದರೆ ಅದೆಲ್ಲ ಮಣ್ಣಿಗೆ, ಬಾವಿಗೆ. 2016ರ ನಿಯಮದ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಖಾಲಿ ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು, ರೀಸೈಕ್ಲಿಂಗ್‌ಗೆ ಕೊಡುವ ಗ್ಯಾರೇಜಿಗೆ ಒಪ್ಪಿಸಿ ಬನ್ನಿ.